ಭಾಗೀರಥಿಯ ನಕ್ಷತ್ರ

ಮೊನ್ನೆ ಸಂಜೆ ದೇವರಿಗೆ ದೀಪ ಹಚ್ಚಿ, ಮರುದಿನಕ್ಕೆ ಬೇಕಾದ ಹೂಬತ್ತಿ ಮಾಡುತ್ತ ಟಿ.ವಿ. ಮುಂದೆ ಕೂತಿದ್ದೆ. ಬತ್ತಿ ಮಾಡುವುದು ದೇವರ ಕೆಲಸ, ಧಾರಾವಾಹಿ ನೋಡುವುದು ಲೋಕದ ಕೆಲಸ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಒಂದರ ಪುಣ್ಯದಲ್ಲಿ ಇನ್ನೊಂದರ ಪಾಪ ತೊಳೆದುಹೋಗುತ್ತದೆ ಎಂದು ನಾನು ನಂಬಿದ್ದೇನೆ. ಅಷ್ಟರಲ್ಲಿ ಪರದೆಯ ಮೇಲೆ ಒಂದು ಗೋಡೆ ಬಂತು. ಗೋಡೆಯ ಮೇಲೆ ಒಂದು ಫೋಟೋ, ಫೋಟೋಕ್ಕೆ ಗಂಧದ ಹಾರ, ಅದರ ಕೆಳಗೆ ಮಿಣುಕುವ ಕೆಂಪು ದೀಪ. ಫೋಟೋದಲ್ಲಿ ಇದ್ದವಳು ಆ ಧಾರಾವಾಹಿಯಲ್ಲಿ ಅತ್ತೆಯ ಪಾರ್ಟು ಮಾಡುವ ನಮ್ಮ ಭಾಗೀರಥಿ.

ಹತ್ತಿ ಕೈಯಲ್ಲೇ ಉಳಿಯಿತು. ಹಿಂದಿನ ದಿನ ಕರೆಂಟು ಹೋಗಿ ಧಾರಾವಾಹಿ ತಪ್ಪಿತ್ತು. ಅದರ ಹಿಂದಿನ ದಿನ ಆಕೆ ಅಂಗೈಯಗಲದ ಕುಂಕುಮವಿಟ್ಟುಕೊಂಡು, ಸೊಸೆಯನ್ನು ಮನೆಯಿಂದ ಹೊರಗೆ ಹಾಕಲು ನಿಂತಿದ್ದಳು. ಒಂದು ಕರೆಂಟು ಹೋಗಿ ಬರುವುದರಲ್ಲಿ ಮನುಷ್ಯಳು ಫೋಟೋ ಆಗಿಬಿಟ್ಟಿದ್ದಳು.

ನಮ್ಮನೆಯವರು ಪೇಪರಿನಿಂದ ತಲೆಯೆತ್ತಿ ನನ್ನ ಮುಖ ನೋಡಿದರು. "ಧಾರಾವಾಹಿನೆ ಅದು. ನಾಳೆ ಬೇರೆ ಚಾನೆಲ್ಲಲ್ಲಿ ಎದ್ದು ಬತ್ತು ತಗ" ಎಂದರು.

ನನಗೆ ಅಷ್ಟೂ ತಿಳಿಯದೆಯೇ? ಆದರೂ ನೀವೇ ಹೇಳಿ, ಬದುಕಿರುವವರ ಪಟಕ್ಕೆ ಹಾರ ಹಾಕುವುದುಂಟೇ? ಮಗು ಸೀನಿದರೂ 'ಶತಾಯುಷ್ಯ' ಎನ್ನುವ ಮನೆ ನಮ್ಮದು. ತೀರಿಕೊಂಡವರ ಪಟದ ಸಾಲಿನಲ್ಲಿ ಬದುಕಿದ್ದವರ ಪಟ ತೂಗುಹಾಕಲು ನಮ್ಮತ್ತೆ ಬಿಟ್ಟವರಲ್ಲ. ಊರೂರಿನ ಜನ ಆ ಹಾರ ನೋಡಿ, "ಹೋದಳಲ್ಲ, ಒಳ್ಳೇದಾಯಿತು" ಎಂದಿರುತ್ತಾರೆ. ಅಷ್ಟು ಬಾಯಿಗಳ ಮಾತು ಎಲ್ಲಾದರೂ ಅಶ್ವಿನೀ ದೇವತೆಗಳ ಕಿವಿಗೆ ಬಿದ್ದು ಅವರು 'ತಥಾಸ್ತು' ಎಂದರೆ? ಆ ದಿನ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿದವಳೇ ಬೀದಿಯ ಕೊನೆಯ ಈಶ್ವರ ದೇವಸ್ಥಾನಕ್ಕೆ ಹೋದೆ. ಭಟ್ಟರು ನಮ್ಮ ಮನೆಯ ಅರ್ಚನೆ ಎಂದಿನಂತೆ ಮಾಡಿದರು. ನಮ್ಮ ಹೆಸರು, ನಕ್ಷತ್ರಗಳನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮತ್ತೆ ಅವರ ಅಪ್ಪನಿಗೆ ಹೇಳಿ, ಅಪ್ಪ ಮಗನಿಗೆ ಹೇಳಿ, ಬಾಯಿಪಾಠವಾಗಿಬಿಟ್ಟಿದೆ. ಯಜಮಾನರದ್ದು, ನನ್ನದು, ಮಕ್ಕಳದ್ದು, ಎಲ್ಲ ಮುಗಿದ ಮೇಲೆ ಕೊನೆಗೊಂದು "ರೋಹಿಣೀ ನಕ್ಷತ್ರೇ ಜಾತಾಯಾಃ". ನಮ್ಮ ಮನೆಯಲ್ಲಿ ರೋಹಿಣಿಯಲ್ಲಿ ಹುಟ್ಟಿದವರು ಯಾರೂ ಇಲ್ಲ. ಅದು ಹೊಸದಾಗಿ ಸೇರಿದಾಗ ಅತ್ತೆಯನ್ನು ಕೇಳಿದ್ದೆ. "ಇರ್ಲಿ, ಅದೂ ನಮ್ಮನೆದೇಯ" ಎಂದು ಮುಗಿಸಿದ್ದರು. ಆಗ ಹಿತ್ತಿಲಲ್ಲಿ ಒಂದು ದನವಿತ್ತು. ಅದರದ್ದಿರಬೇಕು ಅಂದುಕೊಂಡೆ. ದನ ಹೋದ ಮೇಲೂ ನಕ್ಷತ್ರ ಉಳಿಯಿತು. ಅತ್ತೆ ಹೋದ ಮೇಲೂ ನಾನು ಬಿಡಿಸಲಿಲ್ಲ. ಹಿರಿಯರು ಇಟ್ಟದ್ದನ್ನು ಕಾರಣ ತಿಳಿಯದೆ ತೆಗೆಯಬಾರದು. ಅಡುಗೆಮನೆಯ ಡಬ್ಬಿಗಳ ವಿಷಯದಲ್ಲೂ ನಾನು ಹೀಗೆಯೇ, ಸೊಸೆ ನಗುತ್ತಾಳೆ.

ನಮ್ಮದಾದ ಮೇಲೆ, ಇನ್ನೊಂದು ಆಯುಷ್ಯಕ್ಕೆ ಅರ್ಚನೆ ಆಗಬೇಕು ಎಂದೆ. ಹೆಸರು ಕೇಳಿದರು, ಭಾಗೀರಥಿ ಎಂದೆ. ನಕ್ಷತ್ರ ಕೇಳಿದರು.

ಒಂದೇ ಗೋಡೆಯ ಆಚೆ ಈಚೆ ವರ್ಷಗಟ್ಟಲೆ ಬದುಕಿದವರು ನಾವು. ಆಕೆಗೆ ಸಾರಿಗೆ ಹುಳಿ ಎಷ್ಟಿರಬೇಕು, ಯಾವ ಗಾಳಿಗೆ ಗಂಟಲು ಕಟ್ಟುತ್ತದೆ, ಸಿಟ್ಟು ಬಂದರೆ ಯಾವ ಪಾತ್ರೆ ಮೊದಲು ಸದ್ದು ಮಾಡುತ್ತದೆ, ಎಲ್ಲ ಗೊತ್ತು. ನಕ್ಷತ್ರ ಗೊತ್ತಿಲ್ಲ. ಭಟ್ಟರು ಒಳ್ಳೆಯವರು. "ಭಾ ಅಕ್ಷರಕ್ಕೆ ಮೂಲಾ ನಕ್ಷತ್ರ ಬರ್ತದೆ, ಅದನ್ನೇ ಹೇಳ್ಲಾ?" ಎಂದರು. ಅಂದಾಜಿನ ನಕ್ಷತ್ರ ಹೇಳಿದರೆ ಪ್ರಸಾದ ಇನ್ಯಾರದೋ ಮನೆಗೆ ಹೋದಂತೆ. ಕೇಳಿಕೊಂಡು ನಾಳೆ ಬರುತ್ತೇನೆ ಎಂದು ಹಿಂದಿರುಗಿದೆ.

ದಾರಿಯುದ್ದಕ್ಕೂ ನನ್ನ ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ. ಭಾಗೀರಥಿ ಮುಖದ ಬಣ್ಣ ತೆಗೆಯುತ್ತಿದ್ದದ್ದು ಕೊಬ್ಬರಿ ಎಣ್ಣೆಯಲ್ಲಿ. ಹೊಸನಗರದ ಕಡೆಯ ಹುಡುಗಿ, ಒಂದು ನಾಟಕ ಕಂಪನಿಯ ಜೊತೆ ಸಾಗರಕ್ಕೆ ಬಂದವಳು, ಕಂಪನಿ ಡೇರೆ ಕಿತ್ತರೂ ಇಲ್ಲೇ ಉಳಿದಳು. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ ಎಂದು ನಮ್ಮ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಹಿಡಿದಳು. ಮಾವನವರು ಕೊಟ್ಟರು. ಅತ್ತೆಗೆ ಮನಸ್ಸಿರಲಿಲ್ಲ. ನಾಟಕದವಳು ಹಿಂದಿನ ಬಾಗಿಲಿನಿಂದ ಬರಲಿ, ಹಿಂದಿನ ಬಾಗಿಲಿನಿಂದ ಹೋಗಲಿ, ನಮ್ಮ ಜಗುಲಿ ಮೆಟ್ಟುವುದು ಬೇಡ ಎಂದು ನನ್ನ ಮೂಲಕ ಹೇಳಿಸಿದರು. ನಾನು ಅದನ್ನೇ ಸ್ವಲ್ಪ ಬೆಲ್ಲ ಹಾಕಿ ಹೇಳಿದೆ. ಆಕೆ ನಕ್ಕು, "ಅಡ್ಡಿಲ್ಲ ಅಕ್ಕ, ಸ್ಟೇಜಿಗೂ ನಾವು ಹಿಂದಿನಿಂದ್ಲೇ ಹೋಗೋದು" ಎಂದಳು.

ಅತ್ತೆಯವರಿಗೆ ಸಂಜೆಯ ದೀಪ ಹಚ್ಚಿದೊಡನೆ ಒಂದು ಆರತಿ ಹಾಡು ಹೇಳಬೇಕು. ಅವರ ಅಜ್ಜಿಯಿಂದ ಬಂದದ್ದು, ಎಲ್ಲಿಯೂ ಅಚ್ಚಾಗಿಲ್ಲ. ಎಣ್ಣೆ ತೀರುತ್ತ ಬಂತು, ಬತ್ತಿ ಸಣ್ಣಗಾಯಿತು, ಆದರೂ ಸ್ವಾಮಿ ಬಾಗಿಲಿಗೆ ಬರುವ ತನಕ ಒಂದು ಗಳಿಗೆ ನಿಲ್ಲು ಎಂದು ಹೆಂಗಸೊಬ್ಬಳು ದೀಪವನ್ನು ಬೇಡಿಕೊಳ್ಳುವ ಹಾಡು. ಒಂದು ಸಂಜೆ, ಜ್ವರದಿಂದ ಎದ್ದ ನಿಶ್ಶಕ್ತಿಯೋ ಏನೋ, ಮೂರನೆಯ ನುಡಿಗೆ ಬಂದು ಅತ್ತೆ ನಿಂತುಬಿಟ್ಟರು. ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ಅಲ್ಲಿಯೇ ನಿಂತರು. ನನಗೆ ಆ ನುಡಿ ಬರುತ್ತಿರಲಿಲ್ಲ. ಆಗ ಗೋಡೆಯ ಆಚೆಯಿಂದ ಅದೇ ಶ್ರುತಿಯಲ್ಲಿ ಮೂರನೆಯ ನುಡಿ ಬಂತು. ದಿನಾ ಗೋಡೆಗೆ ಕಿವಿಗೊಟ್ಟು ಕಲಿತಿದ್ದಾಳೆ. ಎಂತಹ ದನಿ! ಹಾಲು ಉಕ್ಕಿ ಬರುವಾಗ ಮೊದಲು ಮೇಲೇಳುತ್ತದಲ್ಲ, ಸದ್ದಿಲ್ಲದೆ, ಹಾಗೆ ಏಳುತ್ತಿತ್ತು.

ಹಾಡು ಮುಗಿದ ಮೇಲೆ ಅತ್ತೆ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದರು. ಆಮೇಲೆ ಗೋಡೆಗೆ ಮುಖ ಮಾಡಿ, "ಒಳಗೆ ಬಾ ಕೂಸೆ. ಗ್ವಾಡೆ ಹಿಂದೆ ನಿಂತ್ಕಂಡು ಎಂತಕ್ಕೆ ಹೇಳ್ತೆ?" ಎಂದರು.

ಮುಂದಿನ ಬಾಗಿಲಿನಿಂದಲೇ ಬಂದಳು. ಆ ನಂತರ ಊರಲ್ಲಿದ್ದ ದಿನವೆಲ್ಲ ದೀಪದ ಹೊತ್ತಿಗೆ ಅವರಿಬ್ಬರ ಹಾಡು. ನಾನು ಒಳಗೆ ದೋಸೆಗೆ ರುಬ್ಬುತ್ತ ಕೇಳುವವಳು. ಹಾಡು ಮುಗಿಯುವ ತನಕ ಕಲ್ಲು ನಿಲ್ಲಿಸುತ್ತಿದ್ದೆ. ಹಿಟ್ಟು ತರಿಯಾದರೆ ಆಗಲಿ.

ಆಮೇಲೆ ಆಕೆ ಮಾಡದ ಕೆಲಸವಿಲ್ಲ. ಆರ್ಕೆಸ್ಟ್ರಾ ಸೇರಿ ತೀರ್ಥಹಳ್ಳಿ, ಅರಳಸುರಳಿ ಕಡೆ ಮದುವೆ ಮನೆಗಳಲ್ಲಿ ಹಾಡಿದಳು. ಜನ ಊಟದ ಪಂಕ್ತಿಯ ಮೇಲೆ ಕಣ್ಣಿಟ್ಟುಕೊಂಡು ಕೇಳುತ್ತಾರೆ, ಹೋಳಿಗೆ ಬಂತೆಂದರೆ ನನ್ನ ಪಲ್ಲವಿ ಅಲ್ಲಿಗೇ ಮುಗೀತು ಎನ್ನುತ್ತಿದ್ದಳು. ಆರೋಗ್ಯದ ಬಗ್ಗೆ ತಿಳಿವಳಿಕೆ ಕೊಡುವ ಬೀದಿನಾಟಕದಲ್ಲಿ ಸೊಳ್ಳೆಯ ಪಾರ್ಟು ಸಿಕ್ಕಿತು. ಮೇಗರವಳ್ಳಿಯಲ್ಲಿ ರೆಕ್ಕೆ ಕಟ್ಟಿಕೊಂಡು ಕುಣಿದು ಬಂದವಳು ಹಿತ್ತಿಲ ಕಟ್ಟೆಯ ಮೇಲೆ ಕೂತು ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು, ಉಂಬಳವೆಂಬ ಕಾಡಿನ ಜಿಗಣೆ ಹಿಡಿದಿತ್ತು. "ನೋಡಿ ಅಕ್ಕ, ರಕ್ತ ಕುಡಿಯೋ ಪಾರ್ಟು ನಂದು, ಕುಡ್ದಿದ್ದು ಅದು" ಎಂದು ಹೇಳಿದ್ದು ನೆನೆದು ಈಗಲೂ ಪಾತ್ರೆ ತೊಳೆಯುವಾಗ ಒಬ್ಬಳೇ ನಗುತ್ತೇನೆ.

ಬೀದಿನಾಟಕದಿಂದ ಊರೂರು ತಿರುಗುವ ನಾಟಕ ತಂಡ. ತಂಡದಿಂದ ಬೆಂಗಳೂರು. ಮೊದಲ ಧಾರಾವಾಹಿಯಲ್ಲಿ ಕಾಫಿ ತಂದಿಡುವ ಕೆಲಸದವಳಾಗಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಬಂದಳು. ಬೆನ್ನು ನೋಡಿಯೇ ಗುರುತು ಹಿಡಿದೆ. ಅತ್ತೆ ಆಗ ಹಾಸಿಗೆ ಹಿಡಿದಿದ್ದರು. ಅವರ ಮಂಚವನ್ನು ಟಿ.ವಿ.ಯ ಕಡೆ ತಿರುಗಿಸಿದೆವು. ಬೆನ್ನಿಗೇ ಕೈಮುಗಿದರು. ಆಕೆಗೆ ಮುಖ ಸಿಕ್ಕಿದ್ದು ಅತ್ತೆ ಹೋದ ಮೇಲೆ. ಸಿಕ್ಕಿದ ಮುಖವೂ ಎಂತಹದು, ಕೆಟ್ಟ ಅತ್ತೆಯದ್ದು. ನಮ್ಮ ಭಜನಾ ಮಂಡಳಿಯ ಹೆಂಗಸರು ದೇವರ ನಾಮ ಮುಗಿಸಿದ ಬಾಯಲ್ಲೇ ಆಕೆಗೆ ಶಾಪ ಹಾಕುತ್ತಿದ್ದರು. ಆಕೆ ನನ್ನ ಮಗನ ಜ್ವರದಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವಳು ಎಂದು ನಾನು ಹೇಳಿದರೆ, "ಹೌದನ್ರೀ, ನೀರಿಗೆ ಏನೂ ಬೆರೆಸ್ಲಿಲ್ಲ ಅಲ್ದಾ?" ಎನ್ನುತ್ತಿದ್ದರು.

ನಾನು ಆ ಧಾರಾವಾಹಿ ನೋಡುತ್ತಿದ್ದದ್ದು ಕಥೆಗಲ್ಲ. ಎಂದಾದರೊಂದು ದಿನ ಆಕೆ ಹಾಡಿಯಾಳು ಎಂದು. ಹಬ್ಬದ ಕಂತು ಬಂದಾಗಲೆಲ್ಲ ಆಸೆಯಾಗುತ್ತಿತ್ತು. ಒಮ್ಮೆ ನಿಜವಾಗಿಯೂ ಆರತಿ ತಟ್ಟೆ ಹಿಡಿದು ನಿಂತಳು. ನಾನು ಒಲೆ ಆರಿಸಿ ಬಂದೆ. ತುಟಿ ಆಕೆಯದು ಅಲ್ಲಾಡಿತು, ದನಿ ಬೇರೆ ಯಾವುದೋ ಹುಡುಗಿಯದು. ಎದ್ದು ಒಳಗೆ ಹೋಗಿ ಮತ್ತೆ ಒಲೆ ಹಚ್ಚಿದೆ.

ಆಕೆಯ ನಂಬರು ನನ್ನ ಫೋನಿನಲ್ಲಿತ್ತು. ಹಿಂದೊಮ್ಮೆ ಊರಿಗೆ ಬಂದಾಗ ಆಕೆಯೇ ಒತ್ತಿಕೊಟ್ಟದ್ದು. ಶೂಟಿಂಗಿನಲ್ಲಿರಬಹುದು, ಮಲಗಿರಬಹುದು, ದೊಡ್ಡವಳಾಗಿದ್ದಾಳೆ, ಏನೆಂದು ಮಾತು ಶುರುಮಾಡಲಿ ಎಂದು ದಿನ ದೂಡಿ ದೂಡಿ ವರ್ಷಗಳಾಗಿದ್ದವು. ದೇವಸ್ಥಾನದಿಂದ ಬಂದ ಮಧ್ಯಾಹ್ನ ಮಾತ್ರ ನೆಪ ಕೈಯಲ್ಲಿತ್ತು. ಆಕೆ "ಹಲೋ" ಎಂದದ್ದೇ ಗಾಬರಿಯಲ್ಲಿ ನಾನು ಯಾರೆಂದು ಕೂಡ ಹೇಳಲಿಲ್ಲ.

"ಭಾಗಿ, ನಿನ್ನ ನಕ್ಷತ್ರ ಯಾವ್ದೇ?"

"ಎಂತದಕ್ಕ, ಈ ವಯಸ್ಸಲ್ಲಿ ನಂಗೆ ಗಂಡು ನೋಡ್ತಿದೀರಾ?"

ದನಿ ಒಡೆದಿತ್ತು. ಆದರೂ ಅದೇ ಭಾಗಿ. ಫೋಟೋ ನೋಡಿದ್ದು, ಊಟ ಸೇರದ್ದು, ಭಟ್ಟರ ಮುಂದೆ ನಿಂತದ್ದು ಎಲ್ಲ ಹೇಳಿದೆ. ನಕ್ಕಳು. ಆ ಹಾರ ಸೊಟ್ಟಗಿತ್ತಂತೆ, ಆಕೆಯೇ ಕುರ್ಚಿ ಹತ್ತಿ ಸರಿಮಾಡಿ ಕೊಟ್ಟಳಂತೆ. ಕಥೆ ಮುಂದೆ ಹೋಗಬೇಕಿತ್ತು, ನಾನು ಅಡ್ಡ ಇದ್ದೆ ಎಂದಳು. ಮುಂದೇನು ಎಂದು ಕೇಳಲು ನನಗೆ ಭಯ. ಆಕೆಯೇ ಹೇಳಿದಳು, ಮಕ್ಕಳ ಕಾರ್ಟೂನಿಗೆ ನರಿಯ ದನಿ ಕೊಡಲು ಕರೆದಿದ್ದಾರೆ, ಒಡೆದ ದನಿಯೇ ಬೇಕಂತೆ. "ಸೊಳ್ಳೆಯಿಂದ ನರಿ. ಬಡ್ತಿನೇ ಅಲ್ದಾ ಅಕ್ಕ?"

ಮಾತು ತಪ್ಪಿಸುತ್ತಿದ್ದಾಳೆ ಎನಿಸಿತು. ಮತ್ತೆ ನಕ್ಷತ್ರ ಕೇಳಿದೆ.

"ಹುಟ್ಟಿದ್ದು ಯಾವ್ದೋ ಯಾರಿಗ್ ಗೊತ್ತು? ಹಲಸಿನ ಕಾಲದಲ್ಲಿ ಹುಟ್ಟಿದ್ದು ಅಂತಿದ್ಲು ಅಮ್ಮ. ನಂಗಿರೋದು ಅಮ್ಮಮ್ಮ ಕೊಟ್ಟಿದ್ದೇ. ನಿಮ್ಗೆ ಹೇಳಿರ್ಲಿಲ್ವಾ ಅವ್ರು?"

ಅಮ್ಮಮ್ಮ ಎಂದರೆ ನಮ್ಮತ್ತೆ. ಭಾಗಿ ಆರ್ಕೆಸ್ಟ್ರಾದ ಜೊತೆ ಮೊದಲ ಸಲ ಹೊರಗಿನ ಊರಿಗೆ ಹೊರಟ ದಿನ ಅತ್ತೆ ಕುಂಕುಮ ಕೊಟ್ಟು, ನಿನ್ನ ಹೆಸರಲ್ಲಿ ಅರ್ಚನೆ ಮಾಡಿಸಬೇಕು, ನಕ್ಷತ್ರ ಹೇಳು ಎಂದರಂತೆ. ಗೊತ್ತಿಲ್ಲ ಎಂದಳಂತೆ. ಅತ್ತೆ ಪಂಚಾಂಗ ತೆಗೆಯಲಿಲ್ಲ. ಅವರಿಗೆ ಅದು ಬಾಯಲ್ಲೇ ಇತ್ತು.

"'ನೀ ಈ ಮನೆ ಒಳಗೆ ಬಂದ ದಿನ ರೋಹಿಣಿ. ಅದೇ ನಿಂದು. ಯಾರು ಕೇಳಿರೂ ಅದನ್ನೇ ಹೇಳು' ಅಂದ್ರು ಅಕ್ಕ. ಹೋದ ಊರಲ್ಲೆಲ್ಲ, ಪರದೆ ಏಳೋ ಮುಂಚೆ, ಆ ಊರಿನ ಗುಡಿಗೆ ಹೋಗಿ ಅದನ್ನೇ ಹೇಳಿದೀನಿ."

ಪರದೆಯ ಮೇಲೆ ಹಾರ ಬಿದ್ದ ಮಾರನೆಯ ಬೆಳಿಗ್ಗೆ, ಆಕೆಯ ನಕ್ಷತ್ರ ಗೊತ್ತಿಲ್ಲವಲ್ಲ ಎಂದು ನಾನು ಪೇಚಾಡುವ ಮೊದಲೇ, ಭಟ್ಟರ ಬಾಯಲ್ಲಿ ಆಕೆಯ ಪೂಜೆ ಆಗಿಹೋಗಿತ್ತು. ಅಂದು ಮಾತ್ರವೇ? ಸೊಳ್ಳೆಯಾಗಿದ್ದಾಗ, ಕಾಫಿ ತಂದಿಟ್ಟಾಗ, ಭಜನೆಯ ಹೆಂಗಸರು ಶಾಪ ಹಾಕಿದ ವಾರವೂ. ನಾನೇ ಎದುರು ನಿಂತು ಕೈಮುಗಿದಿದ್ದೇನೆ, ದನದ್ದೆಂದುಕೊಂಡು. ಇದನ್ನು ಭಾಗಿಗೆ ಹೇಳಿದೆ, ದನದ ವಿಷಯ ಬಿಟ್ಟು.

ಅದಾದ ಮೇಲೆ ನಾನು ಧೈರ್ಯ ಮಾಡಿದೆ. "ಮೂರನೇ ನುಡಿ ನಂಗೆ ಈಗ್ಲೂ ಬರೂದಿಲ್ಲೆ. ಒಂದ್ಸಲ ಹೇಳೇ."

"ಗಂಟ್ಲು ಹೋಗಿದೆ ಅಕ್ಕ. ಕಿರುಚಿ ಕಿರುಚಿ."

ಆದರೂ ಹೇಳಿದಳು. ಮೇಲಿನ ಸ್ವರಕ್ಕೆ ಏರಲಾಗದೆ ಅರ್ಧದಲ್ಲಿ ಕೆಳಗಿಳಿದಳು, ಕೆಮ್ಮಿದಳು, ಮತ್ತೆ ಹಿಡಿದಳು. ಹಾಲು ಉಕ್ಕುವ ಆ ದನಿ ಇನ್ನು ಬರುವುದಿಲ್ಲ. ಅದು ಯಾವ ಯಾವ ಮೈದಾನದಲ್ಲಿ, ಯಾವ ಮದುವೆಯ ಗದ್ದಲದಲ್ಲಿ ಖರ್ಚಾಯಿತೋ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಇಷ್ಟಾದರೂ ಉಳಿಸಿದೆಯಲ್ಲ ಎಂದು ದೇವರಿಗೆ ಹೇಳಿದೆ. ಊರಿಗೆ ಬಾ ಎಂದೆ. ನರಿಯ ಕೆಲಸ ಮುಗಿಸಿ ನೋಡುತ್ತೇನೆ ಎಂದಳು. ಬರುವವರೆಲ್ಲ ಹಾಗೆಯೇ ಹೇಳುತ್ತಾರೆ, ಬಾರದವರೂ.

ಇವತ್ತು ಬೆಳಿಗ್ಗೆ ಭಟ್ಟರು, ನಕ್ಷತ್ರ ಸಿಕ್ಕಿತೇ ಎಂದು ವಿಚಾರಿಸಿದರು. ಬೇರೆ ಅರ್ಚನೆ ಬೇಡ, ಮನೆಯದ್ದು ಮಾಡಿ ಸಾಕು ಎಂದೆ. ಯಜಮಾನರದ್ದು, ನನ್ನದು, ಮಕ್ಕಳದ್ದು ಮುಗಿದು ರೋಹಿಣಿಗೆ ಬಂದಾಗ ನಾನು ಅವರನ್ನು ತಡೆದೆ.

"ಅದಕ್ಕೊಂದು ಹೆಸ್ರಿದೆ ಭಟ್ರೆ" ಎಂದೆ. "ಭಾಗೀರಥಿ."

ಅವರು ಹೂ ಹಿಡಿದ ಕೈಯನ್ನು ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಹೆಸರು ಹೇಳಿ ಹೂ ಹಾಕಿದರು.