ನೀಲಿ ಮುಖವಾಡದ ಮೊಣಕೈ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಲು ನಿಮಗೆ ಸುಲಭ. ಯಾರ ನಡಿಗೆ ಕಂಡರೂ ನನ್ನ ಕಾಲು ತಾನಾಗಿ ಹಾಗೇ ನಡೆಯುತ್ತದೆ. ಮಟಾಟು ಮಿನಿಬಸ್ಸಿನ ಕಂಡಕ್ಟರು, ನಮ್ಮ ಮ್ಯಾನೇಜರು, ಅಮ್ಮನ ಫೋನು ಎತ್ತುವಾಗಿನ ನಾನು, ಯಾರನ್ನೂ ಬಿಟ್ಟಿಲ್ಲ.

ನೈರೋಬಿಯಲ್ಲಿ ಪ್ರತಿ ಡಿಸೆಂಬರಿನ ಕೊನೆಗೆ ಒಂದು ಕುಸ್ತಿ ಪ್ರದರ್ಶನ. ಮೆಕ್ಸಿಕೋದವರ ಮಾದರಿ: ಮುಖವಾಡ, ಮಿರುಗುವ ಚಡ್ಡಿ, ಹಗ್ಗದ ಮೇಲಿಂದ ಹಾರಾಟ. ಮುಖವಾಡದ ಹಿಂದೆ ಯಾರಿದ್ದಾರೆಂದು ಗೊತ್ತಾದರೂ ಹೇಳಬಾರದು. ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಹತ್ತು ವರ್ಷದ ಹುಡುಗಿಯನ್ನು ಅಲ್ಲಿಗೆ ಕರೆದೊಯ್ಯುವವನು ನಾನು. ಅವಳಪ್ಪ ಔಷಧಿ ಕಾರ್ಖಾನೆಯ ಇಂಜಿನಿಯರು, ಹುಡುಗನಾಗಿದ್ದಾಗ ಮೈಸೂರಿನ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಸರಿಯಾಗಿ ಅವತ್ತೇ ಅವರಿಗೆ ಶಿಫ್ಟ್ ಬೀಳುತ್ತಿತ್ತು.

ಮನೆಯಲ್ಲಿ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ನೀಲಿ ಮುಖವಾಡದವನು ಬಂದೊಡನೆ ಕುರ್ಚಿ ಹತ್ತುತ್ತಿದ್ದಳು. "ಬಿಡಬೇಡ ಅವ್ನನ್ನ! ಎತ್ತಿ ಒಗಿ!" ನೀಲಿಯವನು ಹಾರುವ ಮುಂಚೆ ಮೊಣಕೈಗಳಿಂದ ಸೊಂಟದ ಪಟ್ಟಿ ಮೇಲೆ ತಳ್ಳಿ, ಲಟಕ್ಕೆಂದು ಕತ್ತಿನ ನೆಟಿಕೆ ಮುರಿದು, ಆ ದನಿ ಬಂದತ್ತ ಒಮ್ಮೆ ತಿರುಗುತ್ತಿದ್ದ. ಮೂರನೆಯ ವರ್ಷ ಆ ಮೊಣಕೈ ಯಾರದೆಂದು ನನಗೆ ಹೊಳೆಯಿತು. ಅಪ್ಪನಿಗೆ ಸಿಗದ ಕನ್ನಡ ವರ್ಷಕ್ಕೊಮ್ಮೆ ನೀಲಿಯವನಿಗೆ ಸಿಗುತ್ತಿತ್ತು.

ಹೊಟ್ಟೆಯಲ್ಲಿಟ್ಟುಕೊಳ್ಳಬಹುದಿತ್ತು. ಮರುದಿನ ಮಧ್ಯಾಹ್ನ ಅವರ ಮನೆಯ ಊಟದಲ್ಲಿ ಸೋಫಾ ಹತ್ತಿ ನೀಲಿಯವನಾಗಿ ಹಾರಿದೆ. ಹಿಂದೆಯೇ, ಮೊಸರು ತರಲು ಏಳುವ ಅವಳಪ್ಪನಾದೆ. ಅದೇ ಮೊಣಕೈ, ಅದೇ ಕತ್ತು. ಅವಳಮ್ಮ ನಕ್ಕು ತಟ್ಟನೆ ಬಾಯಿ ಮುಚ್ಚಿಕೊಂಡರು. ಮಗಳು ನಗಲಿಲ್ಲ, ಬೆರಗೂ ಪಡಲಿಲ್ಲ, ತಟ್ಟೆ ನೋಡುತ್ತ ಕೂತಳು. ಅಪ್ಪ ಅವಳನ್ನೇ ನೋಡಿ, ಎತ್ತಿದ ತುತ್ತು ಇಳಿಸಿದರು.

ಮುಂದಿನ ಡಿಸೆಂಬರಿನಲ್ಲಿ ಅವರಿಗೆ ಶಿಫ್ಟ್ ಇರಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ನಮ್ಮ ಜೊತೆಗೇ ಬಂದು ಕೂತರು. ಯಾರು ಯಾರೋ ಹಾರಿದರು. ಹುಡುಗಿ ಕುರ್ಚಿ ಹತ್ತಲಿಲ್ಲ. ನನ್ನ ಕಣ್ಣು ಮಾತ್ರ ಕುಸ್ತಿಯವರು ಹೊರಬರುವ ಪರದೆಯತ್ತಲೇ. ಪಕ್ಕದಲ್ಲಿ ಕೂತ ಮನುಷ್ಯ ಅಲ್ಲಿಂದ ಬಂದಾನೆಂದು ಕಾಯುವ ಪೆದ್ದ ನಾನು. ನಡುವೆ ಅವರು ಚಿಪ್ಸ್ ತರಲು ಎದ್ದರು. ಮೊಣಕೈ ಮೇಲೆ ಬರುತ್ತಿದ್ದದ್ದು ನನ್ನನ್ನು ಕಂಡು ನಿಂತಿತು. ಕೈಗಳನ್ನು ಜೇಬಿಗಿಳಿಸಿ ನಡೆದರು.

"ಸಾರಿ ಪುಟ್ಟಿ," ಎಂದೆ. "ಅದು ನಿಮ್ಮಪ್ಪ ಅಂತ ನಾನು ನಿಂಗೆ ಹೇಳ್ಬಾರ್ದಿತ್ತು."

ಇಪ್ಪತ್ತಾರು ವರ್ಷದ ನನಗೆ ಅವಳು ಕನ್ನಡದಲ್ಲೇ ಹೇಳಿದಳು:

"ನಂಗೆ ಫಸ್ಟ್ ಇಯರಿಂದಾನೇ ಗೊತ್ತಿತ್ತು ಅಂಕಲ್. ನಂಗೆ ಗೊತ್ತು ಅಂತ ನೀವು ಅಪ್ಪಂಗೆ ಹೇಳ್ಬಿಟ್ರಿ."