ಇಪ್ಪತ್ತನೆಯ ಆಳು

ನಮ್ಮ ಹಲ್ ಬಂದರಿನ ದಂಡೆಯಲ್ಲಿ ಒಂದು ಕಲ್ಲು ನಿಂತಿದೆ. ಅದರ ಮೇಲೆ ಮೀನು ಹಿಡಿಯಲು ಹೋಗಿ ಮರಳದ ಹಡಗುಗಳ ಹೆಸರು, ಒಂದೊಂದು ಹೆಸರಿನ ಕೆಳಗೂ ಅದರೊಂದಿಗೆ ಮುಳುಗಿದವರ ಹೆಸರು. ‘ಗ್ರೇ ಪ್ಲವರ್’, ಜನವರಿ 1955, ಹತ್ತೊಂಬತ್ತು ಜನ ಎಂದು ಅದರ ಮೇಲೆ ಕೆತ್ತಿದ್ದರು. ಸುಳ್ಳು. ಸತ್ತವರು ಇಪ್ಪತ್ತು ಜನ. ಆ ಇಪ್ಪತ್ತನೆಯವನು ನನ್ನ ಗೆಳತಿ ಬೆರಿಲ್ ಸ್ಟೇದರ್ಸಳ ಅಪ್ಪ. ಅದನ್ನು ರುಜುವಾತು ಮಾಡಲು ಅವಳು ಹನ್ನೊಂದು ವರ್ಷ ಸವೆಸಿದಳು. ಗೊತ್ತಿದ್ದವರು ಒಂದು ಮಾತು ಹೇಳಿದ್ದರೆ ಒಂದು ದಿನವೂ ಬೇಕಿರಲಿಲ್ಲ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಬೆರಿಲ್ ಮತ್ತು ನಾನು ಹೆಸಲ್ ರೋಡಿನ ಒಂದೇ ಓಣಿಯವರು, ಎದುರುಬದುರು ಮನೆ. ನಾನು ಅವಳಿಗಿಂತ ಮೂರು ವರ್ಷ ದೊಡ್ಡವಳು. ನಾನು ಬಲೆ ಹೆಣೆಯುವ ಕೆಲಸಕ್ಕೆ ಸೇರಿದೆ, ಅವಳು ಹದಿನೈದಕ್ಕೇ ಮೀನು ಸೀಳುವ ಶೆಡ್ಡಿಗೆ ಹೋದಳು. ನಲವತ್ತೈದು ವರ್ಷ ಮಂಜುಗಡ್ಡೆಯಲ್ಲಿ ಕೈ ಅದ್ದಿ ಅದ್ದಿ ಬೆರಳ ಗೆಣ್ಣುಗಳು ದಪ್ಪವಾಗಿಬಿಟ್ಟಿದ್ದವು, ಪೆನ್ಸಿಲ್ ಹಿಡಿಯುವುದೂ ಕಷ್ಟ. ಆ ಕೈಯಲ್ಲೇ ಅವಳು ಹನ್ನೊಂದು ನೋಟ್‌ಬುಕ್ ತುಂಬಿಸಿದಳು.

ಅವಳ ಅಪ್ಪ ಕ್ಲಿಫ್ ಸ್ಟೇದರ್ಸ್ ಹಡಗಿನಲ್ಲಿ ಬಲೆ ಎಳೆಯುವವನು. ಐವತ್ನಾಲ್ಕರ ಚಳಿಗಾಲದಲ್ಲಿ ಮೇಲಿನವನೊಬ್ಬನಿಗೆ ಎದುರು ಮಾತಾಡಿದನೆಂದು ಮಾಲೀಕರೆಲ್ಲ ಸೇರಿ ಅವನಿಗೆ ಮೂರು ತಿಂಗಳು ಹಡಗು ಹತ್ತದಂತೆ ಮಾಡಿದ್ದರು. ಒಬ್ಬ ಮಾಲೀಕ ಬೇಡವೆಂದರೆ ಇಡೀ ಬಂದರೇ ಬೇಡವೆನ್ನುತ್ತಿದ್ದ ಕಾಲ. ಆ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ಜನವರಿ ಹತ್ತನೇ ತಾರೀಖು ಸೋಮವಾರ ಬೆಳಿಗ್ಗೆ ತಂಬಾಕು ತರುತ್ತೇನೆಂದು ಮನೆ ಬಿಟ್ಟ ಕ್ಲಿಫ್ ತಿರುಗಿ ಬರಲಿಲ್ಲ. ಅದೇ ಬೆಳಿಗ್ಗೆಯ ಉಬ್ಬರದಲ್ಲಿ ‘ಗ್ರೇ ಪ್ಲವರ್’ ಐಸ್‌ಲ್ಯಾಂಡಿನ ಕಡೆ ಹೊರಟಿತ್ತು, ಹದಿನೈದು ದಿನ ಕಳೆದ ಮೇಲೆ ಮುಳುಗಿತು. ಎರಡನ್ನೂ ಜೋಡಿಸಿ ಯೋಚಿಸಿದವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಯಾಕೆಂದರೆ ಆ ದಿನ ಬೆರಿಲ್‌ಳ ಅಮ್ಮ ನೆಲ್ ಬಟ್ಟೆ ಒಗೆದಿದ್ದಳು.

ಗಂಡ ಸಮುದ್ರಕ್ಕೆ ಹೊರಟ ದಿನ ನಮ್ಮಲ್ಲಿ ಯಾವ ಹೆಂಗಸೂ ಬಟ್ಟೆ ಒಗೆಯುವುದಿಲ್ಲ. ಒಗೆದರೆ ಗಂಡನನ್ನೂ ಅವನ ಹಡಗನ್ನೂ ಅಲೆಗೆ ಕೊಟ್ಟಂತೆ. ನನ್ನ ಅಮ್ಮ ಗ್ಲಾಡಿಸ್ ಅಂಥ ದಿನ ಪಾತ್ರೆ ಒರೆಸುವ ಬಟ್ಟೆಯನ್ನು ಕೂಡ ನೀರಿಗೆ ಮುಟ್ಟಿಸುತ್ತಿರಲಿಲ್ಲ. ಅಂಥದ್ದರಲ್ಲಿ ಆ ಸೋಮವಾರ ಓಣಿಗೆ ಅಡ್ಡವಾಗಿ ಕಟ್ಟಿದ ಹಗ್ಗದ ಮೇಲೆ ನೆಲ್ ಆಂಟಿಯ ಬಿಳಿ ದುಪ್ಪಟಿ, ಕ್ಲಿಫ್‌ನ ಎರಡು ಅಂಗಿ ಹಾರಾಡುತ್ತಿದ್ದವು. ನನ್ನ ಅಮ್ಮ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟೇಬಿಟ್ಟಳು. ಸಮುದ್ರಕ್ಕೆ ಹೋಗಿದ್ದರೆ ನೆಲ್ ಬಟ್ಟೆ ಒಗೀತಿದ್ಲಾ? ಯಾವಳನ್ನೋ ಕಟ್ಟಿಕೊಂಡು ಓಡಿಹೋಗಿದ್ದಾನೆ, ಅಷ್ಟೇ. ಸಂಜೆಯೊಳಗೆ ಆ ‘ಯಾವಳೋ’ ಪಬ್ಬಿನಲ್ಲಿ ಬಿಯರ್ ಕೊಡುವ ಕೆಂಪುಕೂದಲಿನವಳಾದಳು. ಮರುದಿನ ಅವರಿಬ್ಬರೂ ರೈಲು ಹತ್ತಿದ್ದನ್ನು ಕಂಡವರೂ ಹುಟ್ಟಿಕೊಂಡರು.

ಆಮೇಲೆ ನೆಲ್ ಆಂಟಿ ಹೊರಗೆ ಬಟ್ಟೆ ಒಣಹಾಕಿದ್ದನ್ನು ನಾನು ನೋಡಲೇ ಇಲ್ಲ. ಬೇಸಿಗೆಯ ಬಿಸಿಲಿನಲ್ಲೂ ಎಲ್ಲವನ್ನೂ ಒಳಗೇ ಒಲೆಯ ಮುಂದೆ ಹರವುತ್ತಿದ್ದಳು. ಗೋಡೆಗಳೆಲ್ಲ ಒದ್ದೆ, ಮೂಲೆಯಲ್ಲಿ ಬೂಷ್ಟು. ನಾಚಿಕೆ, ಮುಖ ತೋರಿಸಲು ನಾಚಿಕೆ, ಎನ್ನುತ್ತಿದ್ದಳು ನನ್ನ ಅಮ್ಮ. ಆ ಒದ್ದೆ ಮನೆಯಲ್ಲೇ ಎದೆ ಕಟ್ಟಿ, ಆಸ್ಪತ್ರೆ ಸೇರಿ, 1979ರಲ್ಲಿ ನೆಲ್ ಆಂಟಿ ತೀರಿಕೊಂಡಳು.

ಶಾಲೆಯಲ್ಲಿ ಬೆರಿಲ್‌ಳನ್ನು ಕಂಡರೆ ಸಾಕು, ಒಬ್ಬರಲ್ಲ ಒಬ್ಬರು ಶುರು ಮಾಡುತ್ತಿದ್ದರು: “ನಿಮ್ಮಪ್ಪ ಇನ್ನೂ ತಂಬಾಕು ತರ್ತಾನೇ ಇದ್ದಾನೇನೇ?” ಮೀನಿನ ಶೆಡ್ಡಿನಲ್ಲಿ ಅದೇ ಮಾತನ್ನು ಬೆಳೆದ ಗಂಡಸರು ಆಡಿದರು. ನಾನೂ ಒಂದೆರಡು ಸಲ ಆಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅರವತ್ತು ದಾಟಿ ಕೆಲಸ ಬಿಟ್ಟ ಮೇಲೆ ಬೆರಿಲ್ ಅಪ್ಪನನ್ನು ಹುಡುಕಲು ಕೂತಳು. ಮೊದಲು ಅವಳು ಹುಡುಕಿದ್ದು ಓಡಿಹೋದವನನ್ನೇ. ಎಲ್ಲೋ ಇನ್ನೊಂದು ಮದುವೆ, ಇನ್ನೆರಡು ಮಕ್ಕಳು, ಒಂದು ಸಮಾಧಿ ಸಿಗುತ್ತದೆ, ಅದರ ಮುಂದೆ ನಿಂತು ಬಾಯಿಗೆ ಬಂದಂತೆ ಬಯ್ಯಬೇಕು ಎಂದುಕೊಂಡಿದ್ದಳು. ಮಂಗಳವಾರ ಮಂಗಳವಾರ ನಗರದ ದಾಖಲೆಮನೆಗೆ ಹೋಗುವುದು, ಜನನ, ಮರಣ, ಮದುವೆ, ಮತದಾರರ ಪಟ್ಟಿ ನೋಡುವುದು. ನಾನು ಜೊತೆಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಅಲ್ಲಿ ಬೆಚ್ಚಗಿರುತ್ತಿತ್ತು, ಅದಕ್ಕೇ ಹೋಗುತ್ತಿದ್ದೆ.

ಐವತ್ತೈದರ ನಂತರ ಕ್ಲಿಫ್ ಸ್ಟೇದರ್ಸ್ ಎಂಬ ಮನುಷ್ಯ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಮದುವೆ ಇಲ್ಲ, ಮತ ಇಲ್ಲ, ಸಾವೂ ಇಲ್ಲ. ಮೇಜಿನ ಹಿಂದಿದ್ದ ಅಧಿಕಾರಿಗೆ ಅದು ಒಂದು ವಿಷಯವೇ ಅಲ್ಲ. ಹಡಗು ಮಾಲೀಕರ ಮನೆತನದವರು ಯಾರಾದರೂ ತಾತನ ಫೋಟೋ ಕೇಳಿಕೊಂಡು ಬಂದರೆ ಕುರ್ಚಿ ಎಳೆದು ಕೂರಿಸುತ್ತಿದ್ದ. ಬೆರಿಲ್ ಕೇಳಿದರೆ, ಪಟ್ಟಿಯಲ್ಲಿ ಹೆಸರಿಲ್ಲದವರನ್ನು ನಾವು ಹುಟ್ಟಿಸಿ ಕೊಡೋಕಾಗಲ್ಲಮ್ಮ ಎಂದು ನಗುತ್ತಿದ್ದ. ಅವನ ಹಲ್ಲು ಉದುರಿಸಬೇಕು ಎನ್ನಿಸುತ್ತಿತ್ತು ನನಗೆ.

ಹತ್ತನೇ ವರ್ಷ, ಒಂದು ಮಂಗಳವಾರ, ಹೊತ್ತು ಹೋಗದೆ ನಾನು ಹಳೇ ಪತ್ರಿಕೆ ತಿರುವುತ್ತಿದ್ದೆ. ‘ಗ್ರೇ ಪ್ಲವರ್’ ಸುದ್ದಿ ಸಿಕ್ಕಿತು. ಮೊದಲ ದಿನ ಇಪ್ಪತ್ತು ಹೆಸರು. ನಾಲ್ಕು ದಿನದ ನಂತರ ಒಂದು ಚಿಕ್ಕ ಸುದ್ದಿ: ಸತ್ತನೆಂದುಕೊಂಡಿದ್ದ ಲೆನ್ ಗೋಲ್ಡರ್ ಎಂಬ ಅವಿವಾಹಿತ ಕುಡಿದು ಮಲಗಿ ಹಡಗು ತಪ್ಪಿಸಿಕೊಂಡಿದ್ದನಂತೆ, ಜೀವಂತ ಇದ್ದಾನೆ, ತಾಯಿಗೆ ಸಂತೋಷ. ಹಡಗು ಒಬ್ಬ ಆಳು ಕಡಿಮೆಯಾಗಿಯೇ ಹೊರಟಿತ್ತು ಎಂದು ಮಾಲೀಕರ ಹೇಳಿಕೆ.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಹೆಸಲ್ ರೋಡಿನಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ, ಒಬ್ಬ ಆಳು ಕಡಿಮೆಯಾಗಿ ಯಾವ ಹಡಗೂ ಹೊರಟಿದ್ದಿಲ್ಲ. ಕೊನೇ ಗಳಿಗೆಯಲ್ಲಿ ಒಬ್ಬ ಬರದಿದ್ದರೆ ಮಾಲೀಕರ ಕಡೆಯವನೊಬ್ಬ ಬೀದಿಗಿಳಿದು, ಎದುರು ಸಿಕ್ಕವನನ್ನು ಟ್ಯಾಕ್ಸಿಗೆ ತುಂಬಿ ತಂದು ಹಡಗಿಗೆ ಹತ್ತಿಸುತ್ತಿದ್ದ. ಕ್ಲಿಫ್‌ನಂತೆ ಹತ್ತಿಸಬಾರದವನಾದರೆ, ಬಾರದೆ ಹೋದವನ ಹೆಸರಿನಲ್ಲೇ ಹತ್ತಿಸುತ್ತಿದ್ದ. ಎಲ್ಲರಿಗೂ ಗೊತ್ತಿದ್ದ ಕಳ್ಳತನ.

“ಬೆರಿಲ್, ಸ್ಟೇದರ್ಸ್ ಅಂತ ಹುಡುಕೋದು ಬಿಡು,” ಎಂದೆ. “ಗೋಲ್ಡರ್ ಅಂತ ಹುಡುಕು.”

ಅವಳು ಪತ್ರಿಕೆ ಓದಿದಳು. ಹಡಗು ಹೊರಟ ತಾರೀಖಿನ ಮೇಲೆ ಬೆರಳಿಟ್ಟಳು. ಜನವರಿ ಹತ್ತು, ಅಪ್ಪ ತಂಬಾಕಿಗೆ ಹೋದ ದಿನ.

ಆ ಹಡಗಿನ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಕಾಗದಗಳು ಪೆಟ್ಟಿಗೆಗಳಲ್ಲಿ ದಾಖಲೆಮನೆಯ ನೆಲಮಾಳಿಗೆಗೆ ಬಂದು ಬಿದ್ದಿದ್ದವು, ಯಾರೂ ಬಿಚ್ಚಿ ನೋಡಿರಲಿಲ್ಲ. ಅವನ್ನು ಮೇಲೆ ತರಿಸಲು ಎಂಟು ತಿಂಗಳು ಅರ್ಜಿ ಬರೆದಳು ಬೆರಿಲ್. ಅತ್ತ ದಂಡೆಯ ಕಲ್ಲನ್ನು ಹೊಸದಾಗಿ ಕೆತ್ತಿಸುತ್ತಾರೆ, ಹೆಸರು ಬಿಟ್ಟುಹೋಗಿದ್ದರೆ ನವೆಂಬರ್ ಒಳಗೆ ಸಾಕ್ಷಿ ತರಬೇಕು, ಆಮೇಲೆ ಏನೂ ಸೇರಿಸುವುದಿಲ್ಲ ಎಂದು ಸ್ಮಾರಕ ಸಮಿತಿಯ ಪ್ರಕಟಣೆ ಬಂತು. ಅವಳಿಗೂ ವಯಸ್ಸು ಎಪ್ಪತ್ತು ಮೀರಿತ್ತು. ಈ ಸಲ ಬಿಟ್ಟರೆ ಅಪ್ಪ ಓಡಿಹೋದವನಾಗಿಯೇ ಉಳಿಯುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

ಅಕ್ಟೋಬರಿನಲ್ಲಿ ಪೆಟ್ಟಿಗೆ ಬಂತು. ಅದರಲ್ಲಿದ್ದದ್ದು ತಂತಿ ಸಂದೇಶಗಳ ರಿಜಿಸ್ಟರ್. ಹಡಗಿನಿಂದ ಆಳುಗಳು ರೇಡಿಯೋ ಮೂಲಕ ಮನೆಗೆ ಕಳಿಸುತ್ತಿದ್ದ ಒಂದೊಂದು ಸಾಲು ಮೊದಲು ಕಂಪನಿಯ ಆಫೀಸಿಗೆ ಬಂದು, ಅಲ್ಲಿಂದ ಮನೆಗೆ ಹೋಗುತ್ತಿತ್ತು. ಜನವರಿ ಇಪ್ಪತ್ತೊಂದು, ಹಡಗು ಮುಳುಗುವ ನಾಲ್ಕು ದಿನ ಮೊದಲು. ಕಳಿಸಿದವನು ಗೋಲ್ಡರ್. ವಿಳಾಸ ನಮ್ಮ ಓಣಿ, ಮನೆ ನಂಬರ್ ಆರು, ಬೆರಿಲ್‌ಗೆ. ಸಂದೇಶ: ‘ಐದು ವರ್ಷಕ್ಕೆ ಐದು ಮುತ್ತು. ಅಪ್ಪ.’

ಬೆರಿಲ್ ಅದನ್ನು ಎರಡು ಸಲ ಓದಿದಳು. “ನಮ್ಮಮ್ಮ ಮುದ್ದು ಮಾಡೋಳಲ್ಲ ಕಣೇ,” ಎಂದಳು. “ಆ ಹುಟ್ಟುಹಬ್ಬಕ್ಕೆ ಮಾತ್ರ ಮುತ್ತು ಕೊಟ್ಟಿದ್ಲು. ಒಂದು, ಎರಡು ಅಂತ ಎಣಿಸಿ ಎಣಿಸಿ ಕೊಟ್ಲು. ನಂಗೆ ನೆನಪಿದೆ.”

ಸಾಲಿನ ಕೊನೆಯಲ್ಲಿ, ಪಡೆದುಕೊಂಡವರ ಸಹಿ ಇರುವಲ್ಲಿ, ನೆಲ್ ಸ್ಟೇದರ್ಸ್ ಎಂದು ಇತ್ತು.

ಕಂಪನಿಯವರಿಗೆ ಗೊತ್ತಿತ್ತು! ಗೋಲ್ಡರನ ಸಂದೇಶವನ್ನು ಕ್ಲಿಫ್‌ನ ಮನೆಗೆ ತಾವೇ ಒಯ್ದು ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ, ಹತ್ತೇ ದಿನದ ಮೇಲೆ ಒಬ್ಬ ಆಳು ಕಡಿಮೆ ಇತ್ತು ಎಂದು ಪತ್ರಿಕೆಗೆ ಹೇಳಿದ್ದಾರೆ. ತಮ್ಮ ಕಳ್ಳತನ ಮುಚ್ಚಿಕೊಳ್ಳಲು ಒಬ್ಬ ಸತ್ತ ಮನುಷ್ಯನನ್ನೇ ಇಲ್ಲವಾಗಿಸಿದರು. ಅವರ ವಂಶ ನಾಶವಾಗಲಿ ಎಂದು ನಾನು ದಾಖಲೆಮನೆಯಲ್ಲಿ ಗಟ್ಟಿಯಾಗಿಯೇ ಶಪಿಸಿದೆ. ಅಧಿಕಾರಿ ತಲೆ ಎತ್ತಿ ನೋಡಿದ, ನೋಡಲಿ.

ಬೆರಿಲ್‌ಳ ಸಿಟ್ಟು ಮಾತ್ರ ಕಂಪನಿಯ ಮೇಲೆ ಹೋಗಲಿಲ್ಲ, ಅಮ್ಮನ ಮೇಲೆ ಹೋಯಿತು. ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ, ನನ್ನ ಅಪ್ಪನನ್ನು ನಾನು ದ್ವೇಷಿಸುವುದನ್ನು ಇಪ್ಪತ್ನಾಲ್ಕು ವರ್ಷ ನೋಡುತ್ತಾ ಕೂತಳಲ್ಲ ಎಂದು ಆ ತಿಂಗಳೆಲ್ಲ ಕುದಿದಳು. ಅಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿ ಡ್ರಾಯರಿಗೆ ಹಾಕಿದಳು. ನನಗೆ ಎರಡೇ ದಿನದಲ್ಲಿ ಉತ್ತರ ಹೊಳೆದಿತ್ತು. ಆದರೆ ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ಆ ಉತ್ತರದಲ್ಲಿ ನನ್ನ ಅಮ್ಮ ಇದ್ದಳು.

ನವೆಂಬರಿನಲ್ಲಿ ಚರ್ಚಿನ ಹಾಲ್‌ನಲ್ಲಿ ಸಮಿತಿ ಸೇರಿತು. ‘ಗ್ರೇ ಪ್ಲವರ್’ನಲ್ಲಿ ಸತ್ತವರ ಮಕ್ಕಳು, ಮೊಮ್ಮಕ್ಕಳು ಕೂಡ ಬಂದಿದ್ದರು. ಅಧ್ಯಕ್ಷ ಪ್ರಿಡ್ಮೋರ್ ಒಬ್ಬ ಹಡಗಿನ ಕ್ಯಾಪ್ಟನ್ನನ ಮೊಮ್ಮಗ, ಕನ್ನಡಕದ ಮೇಲಿಂದ ನೋಡಿ ಮಾತಾಡುವ ಮನುಷ್ಯ. ರಿಜಿಸ್ಟರಿನ ನಕಲನ್ನು ತಿರುಗಿಸಿ ಮುರುಗಿಸಿ ನೋಡಿದ.

“ಎಲ್ಲಾ ಸರಿ ಮೇಡಂ,” ಎಂದ. “ಗಂಡ ಹಡಗಲ್ಲಿದ್ದ ಅಂತ ನಿಮ್ಮ ತಾಯಿಗೆ ಗೊತ್ತಿತ್ತು ಅಂತೀರಿ. ಹಡಗು ಮುಳುಗಿದ ಮೇಲಾದ್ರೂ ಹೇಳ್ಬೇಕಿತ್ತಲ್ಲ? ಯಾವ ಹೆಂಡತಿ ಸುಮ್ಮನಿರ್ತಾಳೆ?”

ಬೆರಿಲ್ ಅಮ್ಮನ ಸಹಿಯನ್ನೇ ಮತ್ತೆ ತೋರಿಸಿದಳು. ಪ್ರಿಡ್ಮೋರ್ ಕಾಗದಗಳನ್ನು ಜೋಡಿಸಿಡಲು ಶುರು ಮಾಡಿದ. ನಾನು ಎದ್ದು ನಿಂತೆ.

“ನಾನು ಹೇಳ್ತೀನಿ ಕೇಳಿ,” ಎಂದೆ. “ಹಡಗು ಹೊರಟ ದಿನ ಅವ್ಳು ಬಟ್ಟೆ ಒಗೆದಿದ್ಲು. ಗಂಡನ್ನ ಯಾರೋ ಬೀದೀಲಿ ಹಿಡ್ಕೊಂಡು ಹೋಗಿ ಹಡಗು ಹತ್ತಿಸ್ತಾರೆ ಅಂತ ಅವ್ಳಿಗೇನು ಕನಸು ಬಿದ್ದಿತ್ತಾ? ಹಗ್ಗದ ಮೇಲಿನ ಬಟ್ಟೆ ಓಣಿಯೋರೆಲ್ಲ ನೋಡಿದ್ರು. ಕ್ಲಿಫ್ ಆ ಹಡಗಲ್ಲಿದ್ದ ಅಂತ ಅವ್ಳು ಒಂದು ಮಾತು ಅಂದಿದ್ರೆ ಇಪ್ಪತ್ತು ಜನರನ್ನ ಮುಳುಗಿಸಿದೋಳು ನೀನೇ ಅಂತಿದ್ರು. ಮೊದಲು ಅನ್ನೋಳು ನಮ್ಮಮ್ಮ. ಗಂಡ ಬಿಟ್ಟೋಳು ಅನ್ನಿಸ್ಕೊಳ್ಳೋದೇ ವಾಸಿ ಅಂತ ಅವ್ಳು ಬಾಯಿ ಮುಚ್ಕೊಂಡು ಬದುಕಿದ್ಲು. ಆಮೇಲೆ ಸಾಯೋವರೆಗೂ ಒಂದು ಬಟ್ಟೆ ಹೊರಗೆ ಒಣಗಿಸ್ಲಿಲ್ಲ. ಇನ್ನೇನು ಸಾಕ್ಷಿ ಬೇಕ್ರೀ ನಿಮಗೆ?”

ಹಿಂದಿನ ಸಾಲಿನಲ್ಲಿ ಎಂಬತ್ತೈದು ದಾಟಿದ ಒಬ್ಬಾಕೆ ಕೋಲು ಊರಿ ಎದ್ದಳು. ಅವಳ ಅಪ್ಪ ಆ ಹಡಗಿನ ಅಡುಗೆಯವನು. “ನಿಜ,” ಎಂದಳು. “ನಮ್ಮಮ್ಮ ಆಗಿದ್ರೆ ಅವಳ ಮನೆ ಕಿಟಕಿ ಒಡೀತಿದ್ಲು. ಬರ್ಕೊಳ್ಳಪ್ಪ, ಇಪ್ಪತ್ತು.”

ಪ್ರಿಡ್ಮೋರ್ ಪೆನ್ನು ತೆಗೆದು ಬರೆದುಕೊಂಡ.

ಮನೆಗೆ ನಡೆದುಕೊಂಡೇ ಬಂದೆವು. ನಮ್ಮ ಹಳೇ ಓಣಿಯ ಜಾಗದಲ್ಲಿ ಈಗ ಕಾರ್ಪೆಟ್ ಅಂಗಡಿಯೊಂದರ ಕಾರು ನಿಲ್ಲಿಸುವ ಜಾಗವಿದೆ. ಅದರ ಹತ್ತಿರ ಬಂದಾಗ ಬೆರಿಲ್ ನಿಂತಳು. ನನ್ನ ಮೇಲೆ, ನನ್ನ ಅಮ್ಮನ ಮೇಲೆ ಹರಿಹಾಯುತ್ತಾಳೆ, ಹರಿಹಾಯಲಿ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೂ ಇಲ್ಲ.

“ಅಮ್ಮ ಆಸ್ಪತ್ರೇಲಿದ್ದಾಗ ಕೇಳಿದ್ದೆ,” ಎಂದಳು. “ಅಪ್ಪ ಯಾಕೆ ಹೋದ ಅಂತ ಈಗ್ಲಾದ್ರೂ ಹೇಳು ಅಂತ. ‘ನಂದೇ ತಪ್ಪು ಮಗಳೇ’ ಅಂದ್ಲು. ನನ್ನ ಮುಖಾನೇ ನೋಡ್ತಿದ್ಲು, ಇಲ್ಲಮ್ಮ ಅಂತೀನೇನೋ ಅಂತ.”

ಅವಳು ಕೋಟಿನ ಗುಂಡಿ ಹಾಕಲು ನೋಡಿದಳು. ಆ ದಪ್ಪ ಬೆರಳುಗಳಿಗೆ ಆಗಲಿಲ್ಲ, ನಾನು ಹಾಕಿಕೊಟ್ಟೆ.

“‘ಹೌದು, ನಿಂದೇ’ ಅಂದೆ ಕಣೇ ಅಮ್ಮಂಗೆ ನಾನು.”