ಭಾಲ್ಕಿ ಖಾನಾವಳಿಯ ಪಂಕ್ತಿ

ಮಕ್ಕಳೇ, ಭಾಲ್ಕಿ ರೈಲು ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಲ್ಲಿ ಊಟ ಬಡಿಸುವವರೊಬ್ಬರಿದ್ದರು. ಹೆಗಲ ಮೇಲೆ ಟವೆಲ್, ಎಡಗೈಯಲ್ಲಿ ಪಲ್ಯದ ಬಕೆಟ್ಟು. ಗಿರಾಕಿಗಳನ್ನು ಅವರು ಬೀಗರೆಂದೇ ತಿಳಿದಿದ್ದರು; ತಾವು ಮಾತ್ರ ಎಲ್ಲರ ಊಟವಾದ ಮೇಲೆ ಆರಿದ ರೊಟ್ಟಿ ತಿನ್ನುತ್ತಿದ್ದರು. ಉದ್ದನೆಯ ಮೇಜಿನಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರನ್ನೂ ಏಳಗೊಡುತ್ತಿರಲಿಲ್ಲ. "ಕುಂದರ್ರಿ, ಪಂಗ್ತಿ ಮುರೀಬ್ಯಾಡ್ರಿ!"

ಒಂದು ಮಧ್ಯಾಹ್ನ ಔರಾದ ಕಡೆಯ ಹುಡುಗಿಯೊಬ್ಬಳು ಉಂಡು ಮುಗಿಸಿ ಚಡಪಡಿಸುತ್ತ ಕೂತಿದ್ದಳು. ಬೀದರದ ದೊಡ್ಡ ಹೋಟೆಲಿನಲ್ಲಿ ಅವಳಿಗೆ ಅಂದೇ ಕೆಲಸದ ಸಂದರ್ಶನ. ಪಕ್ಕದಲ್ಲಿ ಹಲ್ಲಿಲ್ಲದ ಅಜ್ಜರೊಬ್ಬರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದರು. ಅಷ್ಟರಲ್ಲಿ ರೈಲಿನ ಸದ್ದು ಕೇಳಿಸಿತು.

"ಕಾಕಾ, ಗಾಡಿ ಬಂತರಿ, ಬಿಡ್ರಿ!" ಹುಡುಗಿ ಅಳುಮುಖ ಮಾಡಿದಳು.

"ಅಜ್ಜಾರ, ಜರಾ ಲಗೂನ ಉಣ್ರಿ," ಎಂದು ಬಡಿಸುವವರು ಬೇಡಿಕೊಂಡರು.

ಅಜ್ಜ ನಿಧಾನವಾಗಿ ತಲೆ ಎತ್ತಿ, "ಇನ್ನೊಂದು ರೊಟ್ಟಿ ಹಾಕ್ರಿ," ಎಂದರು.

ಇವರು ಬಕೆಟ್ಟು ಕೆಳಗಿಟ್ಟರು. ಹುಡುಗಿಯನ್ನು ಎಬ್ಬಿಸಿ, ಆ ಜಾಗದಲ್ಲಿ ತಾವೇ ತಟ್ಟೆ ಇಟ್ಟುಕೊಂಡು ಕೂತರು. "ಓಡವ್ವಾ, ಓಡು. ನಿನ್ನ ಬದ್ಲಿ ನಾ ಉಣ್ತೇನಿ."

ಅವಳು ಕೈಯನ್ನೂ ತೊಳೆಯದೆ ಓಡಿದಳು. ರೈಲು ಹೊರಟಾಗ ಕಿಟಕಿಯಿಂದ ಅವಳು ಎಂಜಲುಗೈ ಬೀಸುತ್ತಿದ್ದುದು ನಮಗೆಲ್ಲ ಕಂಡಿತು.

ಈಗ ಬಡಿಸಲು ಯಾರೂ ಉಳಿದಿರಲಿಲ್ಲ. ಗಿರಾಕಿಗಳಿಗೆ ಎಂದೂ ಮುಖ ತೋರಿಸದ ನಾನು ಸೆರಗು ಹೊದ್ದು, ರೊಟ್ಟಿ ಬುಟ್ಟಿ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದೆ. ಅಜ್ಜನಿಗೊಂದು ಹಾಕಿದೆ, ಇವರಿಗೊಂದು ಹಾಕಿದೆ.

ಇವರು ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸಿದರು. "ಅಕ್ಕಾರ, ನಿಮ್ಮ ರೊಟ್ಟಿ ಬಿಸಿ ಇದ್ದಾಗ ಇಷ್ಟು ರುಚಿ ಇರ್ತಾವ ಅಂತ ಯಾರೂ ಹೇಳೇ ಇಲ್ಲಲ್ರಿ!"